ಗ್ರೂಪ್ ಟ್ರಿಪ್‌ಗೆ 70,000 ಅಡ್ವಾನ್ಸ್ ಕೊಟ್ಟೆವು, ಟಿಕೆಟ್ ಬುಕ್ಕೇ ಆಗಿರಲಿಲ್ಲ. ಹುಬ್ಬಳ್ಳಿ-ಧಾರವಾಡದವರು ಪೂರ್ತಿ ಓದ್ರಿ

ರಜೆ ಹತ್ತಿರ ಬಂತು. ಓಣಿಯಲ್ಲಿ, ಮಹಿಳಾ ಸಂಘದಲ್ಲಿ, ಟ್ಯೂಷನ್ ಕ್ಲಾಸಿನಲ್ಲಿ ಈಗಾಗಲೇ ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಪಾರ್ಕಿನ ಮಾತು ಶುರುವಾಗಿರುತ್ತದೆ. ಅದಕ್ಕೇ ಇದನ್ನು ತಡ ಮಾಡದೆ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಒಬ್ಬ ಟ್ರಾವೆಲ್ಸ್‌ನವನಿಗೆ ನಮ್ಮ ಗುಂಪು 70,000 ರೂಪಾಯಿ ಅಡ್ವಾನ್ಸ್ ಕೊಟ್ಟಿತು. ಟಿಕೆಟ್ ಬುಕ್ ಆಗಿರಲಿಲ್ಲ. ಬಸ್ಸಿನ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ, ಮುಗಿದಿತ್ತು. ರೊಕ್ಕ ವಾಪಸ್ ಕೇಳಿದರೆ "ಕ್ಯಾನ್ಸಲ್ ಮಾಡಿದವರು ನೀವ" ಅಂದ. ಇನ್ನೂ 50,000 ಅವನ ಹತ್ತಿರವೇ ಇದೆ. ದೂರು ಕೊಟ್ಟಿದ್ದೇವೆ, ಹಾಗಾಗಿ ಹೆಸರು ಬರೆಯುವುದಿಲ್ಲ. ಆದರೆ ಅವನು ಏನೇನು ಹೇಳಿದ ಅನ್ನುವುದನ್ನು ಇದ್ದ ಹಾಗೇ ಬರೆಯುತ್ತೇನೆ, ಯಾಕೆಂದರೆ ಇದೇ ಮಾತು ನಾಳೆ ನಿಮಗೂ ಬರುತ್ತದೆ.

ಲೆಕ್ಕ ಹೀಗಿತ್ತು. ಒಟ್ಟು 42 ಮಂದಿ, 26 ದೊಡ್ಡವರು, 16 ಮಕ್ಕಳು. ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಿಡುವುದು, ಶನಿವಾರ ಪೂರ್ತಿ ಪಾರ್ಕು, ಅವತ್ತೇ ರಾತ್ರಿ ವಾಪಸ್. ಅವನು ಹೇಳಿದ ದರ ದೊಡ್ಡವರಿಗೆ 3,600, ಮಕ್ಕಳಿಗೆ 2,900. ಬಸ್ಸು, ಪಾರ್ಕ್ ಟಿಕೆಟ್, ನಾಷ್ಟಾ, ಊಟ "ಎಲ್ಲಾ ಸೇರಿ". ಒಟ್ಟು 1,40,000, ಅದರ ಅರ್ಧ ಅಡ್ವಾನ್ಸ್. ಫೋನಿನಲ್ಲೇ ಮಾತಾಯಿತು, ಫೋನಿನಲ್ಲೇ ರೊಕ್ಕ ಹೋಯಿತು. ಯುಪಿಐ ಹಾಕುವಾಗ ಬಂದ ಹೆಸರು ಟ್ರಾವೆಲ್ಸ್‌ನದ್ದಲ್ಲ, ಬೇರೆ ಯಾರದ್ದೋ ಸ್ವಂತ ಖಾತೆ. ಕೇಳಿದ್ದಕ್ಕೆ, "ನಮ್ಮ ತಮ್ಮಂದ್ರಿ ಸರ, ಆಫೀಸ್ ಅಕೌಂಟಿನ್ಯಾಗ ಲಿಮಿಟ್ ಮುಗದೈತಿ." ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕೊಟ್ಟ ರಸೀದಿಯಲ್ಲಿ "ಅಡ್ವಾನ್ಸ್ 70,000" ಅಂತ ಒಂದೇ ಸಾಲು. ಟಿಕೆಟ್‌ಗೆ ಎಷ್ಟು, ಬಸ್ಸಿಗೆ ಎಷ್ಟು, ಊಟಕ್ಕೆ ಎಷ್ಟು, ಏನೂ ಇಲ್ಲ. ಜಿಎಸ್‌ಟಿ ನಂಬರ್ ಇಲ್ಲ. ರದ್ದಾದರೆ ಎಷ್ಟು ಕಡಿತ ಅನ್ನುವುದೂ ಇಲ್ಲ.

ಮೊದಲ ತಕರಾರು ಶುರುವಾದದ್ದು ಮಕ್ಕಳ ಟಿಕೆಟ್‌ನಲ್ಲಿ. ವಂಡರ್‌ಲಾದಲ್ಲಿ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 85ರಿಂದ 140ರ ತನಕ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರ ಟಿಕೆಟ್. ಇವನು ನಮ್ಮಿಂದ ಬರೆಸಿಕೊಂಡದ್ದು ವಯಸ್ಸು. "12ರ ಒಳಗ ಎಲ್ಲಾ ಮಕ್ಕಳ ರೇಟ್ರಿ" ಅಂದ. ಪಾರ್ಕಿನ ನಿಯಮ ಗೊತ್ತಾದ ಮೇಲೆ ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಡಿಸಿ, ಟೇಲರ್ ಟೇಪಿನಲ್ಲಿ ಅಳೆದೆವು. 140 ಸೆಂಟಿಮೀಟರ್ ಅಂದರೆ ನಾಲ್ಕು ಅಡಿ ಏಳು ಇಂಚು, ಈಗಿನ ಹನ್ನೊಂದು-ಹನ್ನೆರಡರ ಹುಡುಗರು ಸುಲಭವಾಗಿ ದಾಟಿರುತ್ತಾರೆ. 16ರಲ್ಲಿ 5 ಮಕ್ಕಳು 140 ದಾಟಿದ್ದರು, 2 ಕೂಸುಗಳು 85ರ ಒಳಗಿದ್ದವು. ಅಂದರೆ ನಿಜವಾದ ಟಿಕೆಟ್ 31 ದೊಡ್ಡವರದ್ದು, 9 ಮಕ್ಕಳದ್ದು.

ಇದನ್ನು ಅವನಿಗೆ ತಿಳಿಸಿದರೆ ಏನಂದ ಗೊತ್ತೇ? ಐದು ಮಕ್ಕಳಿಗೆ ತಲೆಗೆ 700ರಂತೆ 3,500 ಹೆಚ್ಚಿಗೆ ಹಾಕಿ ಅಂದ. ಸರಿ, ಅದು ನ್ಯಾಯ. ಹಾಗಾದರೆ ಟಿಕೆಟ್ಟೇ ಬೇಡದ ಆ ಎರಡು ಕೂಸುಗಳ 5,800ರಲ್ಲಿ ಟಿಕೆಟ್ ರೊಕ್ಕ ಕಡಿಮೆ ಮಾಡಿ ಅಂದರೆ, "ಅವು ಸೀಟ್ ಹಿಡಿತಾವಲ್ರಿ ಅಕ್ಕಾರ." ತೊಡೆಯ ಮೇಲೆ ಕೂರುವ ಕೂಸು! ಅದಕ್ಕೂ 2,900. ಹೆಚ್ಚಿಗೆ ತಗೊಳ್ಳುವಾಗ ಎತ್ತರ, ವಾಪಸ್ ಕೊಡುವಾಗ ಸೀಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ಇನ್ನೂ ಮೈ ಉರಿಯುತ್ತದೆ.

ಹೊರಡುವುದಕ್ಕೆ ಹತ್ತು ದಿನ ಮೊದಲು ವಾಟ್ಸಾಪ್ ಗುಂಪಿಗೆ ಅವನಿಂದ ಒಂದು ಚಿತ್ರ ಬಂತು. ಜೊತೆಗೆ, "ನಿನ್ನೆ ರಾತ್ರಿನ ಬುಕ್ ಮಾಡೇನ್ರಿ, ಟಿಕೆಟ್ ಆಗ್ಯಾವು, ಚಿಂತಿ ಬಿಡ್ರಿ." ಚಿತ್ರದಲ್ಲಿ ಪಾರ್ಕಿನ ಹೆಸರು, ನಮ್ಮ ತಾರೀಖು, ದೊಡ್ಡವರು ಮಕ್ಕಳು ಎಷ್ಟು, ಒಟ್ಟು ಮೊತ್ತ, ಎಲ್ಲವೂ ಇತ್ತು. ಇಪ್ಪತ್ತು ಜನ ಹೆಬ್ಬೆರಳು ತೋರಿಸಿದರು, ನಾಲ್ಕು ಜನ ಕೈ ಮುಗಿದರು. ಯಾರೂ ಚಿತ್ರವನ್ನು ದೊಡ್ಡದು ಮಾಡಿ ನೋಡಲಿಲ್ಲ.

ನೋಡಿದ್ದು ಬುಧವಾರ, ಹೊರಡುವ ಎರಡು ದಿನ ಮೊದಲು. ಇನ್ನಿಬ್ಬರು ಬರುತ್ತೇವೆ ಅಂದರು, ಅವರನ್ನು ಸೇರಿಸಲು ಬುಕಿಂಗ್ ನಂಬರ್ ಬೇಕಿತ್ತು. ಚಿತ್ರ ತೆಗೆದು ಹುಡುಕಿದರೆ ನಂಬರ್ ಇಲ್ಲ. ಕ್ಯೂಆರ್ ಕೋಡ್ ಇಲ್ಲ. ಯಾರ ಹೆಸರಿನಲ್ಲಿ ಬುಕ್ ಆಗಿದೆ ಅನ್ನುವುದೂ ಇಲ್ಲ. ಕೆಳಗಡೆ ಅಂಚಿನಲ್ಲಿ ಒಂದು ಬಣ್ಣದ ಪಟ್ಟಿ, ಅದರ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು, ಅಕ್ಷರಗಳ ತಲೆ ಮಾತ್ರ. ಬೆರಳಿಂದ ಎಳೆದು ದೊಡ್ಡದು ಮಾಡಿ ಓದಿದೆವು. "ಪ್ರೊಸೀಡ್ ಟು ಪೇ." ರೊಕ್ಕ ಕಟ್ಟಲು ಮುಂದೆ ಹೋಗಿ ಅನ್ನುವ ಬಟನ್! ಅಂದರೆ ಅದು ಟಿಕೆಟ್ ಅಲ್ಲ. ತಾರೀಖು, ಸಂಖ್ಯೆ ತುಂಬಿ, ರೊಕ್ಕ ಕಟ್ಟುವ ಮೊದಲು ನಿಲ್ಲಿಸಿದ ಪುಟ. ಅದನ್ನು ಯಾರು ಬೇಕಾದರೂ ಎರಡು ನಿಮಿಷದಲ್ಲಿ ಮಾಡಬಹುದು. ಮೇಲ್ಗಡೆ ಮೂಲೆಯಲ್ಲಿ ಮೊಬೈಲಿನ ಗಡಿಯಾರ 10:47 ತೋರಿಸುತ್ತಿತ್ತು. ನಮಗೆ ಮೆಸೇಜ್ ಬಂದದ್ದು ಅವತ್ತೇ ಬೆಳಿಗ್ಗೆ 10:48ಕ್ಕೆ. "ನಿನ್ನೆ ರಾತ್ರಿ ಬುಕ್ ಮಾಡೇನಿ" ಅಂದವನು ಒಂದು ನಿಮಿಷದ ಹಿಂದೆ ತೆಗೆದ ಚಿತ್ರ ಕಳಿಸಿದ್ದ. 42 ಮಂದಿಯ ಮುಂದೆ ಅದು ಎಂಟು ದಿನ ಬಿದ್ದಿತ್ತು. ಓದು ಬಲ್ಲ ಜನ ನಾವು. ನಾಚಿಕೆಯಾಗುತ್ತದೆ.

ಪಾರ್ಕಿನ ಬುಕಿಂಗ್ ವಿಭಾಗಕ್ಕೆ ಫೋನ್ ಮಾಡಿ ತಾರೀಖು, ಅವನ ಹೆಸರು, ಅವನ ಮೊಬೈಲ್ ನಂಬರ್, ಟ್ರಾವೆಲ್ಸ್ ಹೆಸರು ಕೊಟ್ಟು ವಿಚಾರಿಸಿದೆವು. ಅಂಥ ಬುಕಿಂಗ್ ಇಲ್ಲ ಅಂದರು. ಆಮೇಲೆ ಅವನ ಉತ್ತರಗಳು ಬಂದದ್ದು ಹೀಗೆ.

ಬುಧವಾರ ಮಧ್ಯಾಹ್ನ: "ಗ್ರೂಪ್ ಟಿಕೆಟ್ ಆನ್‌ಲೈನಿನ್ಯಾಗ ಕಾಣಂಗಿಲ್ರಿ ಸರ, ಗೇಟಿನ್ಯಾಗ ಕೊಡ್ತಾರ."

ಸಂಜೆ: "ಹತ್ತು ವರ್ಷ ಆತ್ರಿ ಇದ ಕೆಲಸ ಮಾಡಾಕತ್ತು. ನಂಬಿಕಿ ಇಲ್ಲಾಂದ್ರ ಹೆಂಗ್ರಿ?"

ರಾತ್ರಿ: "ಬಾಕಿ 70,000 ಈಗ ಹಾಕ್ರಿ, ಐದ ನಿಮಿಷದಾಗ ಟಿಕೆಟ್ ನಿಮ್ಮ ಮೊಬೈಲಿಗೆ ಬರತಾವು."

ಅಲ್ಲಿಗೆ ಒಪ್ಪಿಕೊಂಡಂತಾಯಿತು. ಬಾಕಿ ಹಾಕಿದರೆ ಟಿಕೆಟ್ ಬರುತ್ತದೆ ಅಂದರೆ, ಇಷ್ಟು ದಿನ ಟಿಕೆಟ್ ಇರಲಿಲ್ಲ. ಇದನ್ನೇ ಬರೆದು ಕಳಿಸಿದೆವು. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಇವನಂಥವರು ಮಾಡುವುದೇ ಹೀಗೆ. ನಿಮ್ಮ ಅಡ್ವಾನ್ಸ್‌ನಲ್ಲಿ ಹಿಂದಿನ ಗುಂಪಿನ ಟ್ರಿಪ್ ನಡೆಸುತ್ತಾರೆ, ಮುಂದಿನ ಗುಂಪಿನ ಅಡ್ವಾನ್ಸ್‌ನಲ್ಲಿ ನಿಮ್ಮದನ್ನು ನಡೆಸುತ್ತಾರೆ. ನಡುವೆ ಒಂದು ಗುಂಪು ರೊಕ್ಕ ಹಿಡಿದರೆ ಟಿಕೆಟ್ ಇಲ್ಲ.

ಬಸ್ಸಿನ ಕಥೆಯೂ ಇಷ್ಟೇ. ಮೊದಲಿಂದ ಚೆಂದದ ಫೋಟೋ ಕಳಿಸಿದ್ದ, ನಂಬರ್ ಪ್ಲೇಟ್ ಕಾಣದ ಹಾಗೆ. ಒತ್ತಾಯ ಮಾಡಿದ ಮೇಲೆ ಗುರುವಾರ ಬೆಳಿಗ್ಗೆ ಗಾಡಿ ನಂಬರ್ ಕೊಟ್ಟ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಎಫ್‌ಸಿ ಮುಗಿದು ಎರಡು ತಿಂಗಳಾಗಿತ್ತು. ಎಫ್‌ಸಿ ಇಲ್ಲದ ಗಾಡಿ ದಾರಿಯಲ್ಲಿ ಏನಾದರೂ ಮಾಡಿಕೊಂಡರೆ ವಿಮೆಯವರು ಮೊದಲು ಅದನ್ನೇ ಹಿಡಿದು ತಕರಾರು ತೆಗೆಯುತ್ತಾರೆ. ಡ್ರೈವರ್ ಎಷ್ಟು ಜನ ಅಂದರೆ, "ಒಬ್ಬಾವ ಸಾಕ್ರಿ, ಹಳೇ ಹುಲಿ." ಹುಬ್ಬಳ್ಳಿಯಿಂದ ಬೆಂಗಳೂರು ದಾಟಿ ಬಿಡದಿಗೆ ಸುಮಾರು 440 ಕಿಲೋಮೀಟರ್. ನಿಲ್ಲಿಸಿ ಹೊರಟು ಎಂಟು ತಾಸು. ಶುಕ್ರವಾರ ಇಡೀ ರಾತ್ರಿ ಓಡಿಸಿದ ಮನುಷ್ಯ ಶನಿವಾರ ಬಿಸಿಲಿನಲ್ಲಿ ಪಾರ್ಕಿಂಗ್‌ನಲ್ಲಿ ಬಸ್ಸಿನ ಸೀಟಿನ ಮೇಲೆ ಮಲಗಿ, ಮತ್ತೆ ಇಡೀ ರಾತ್ರಿ ಓಡಿಸಬೇಕು. ಕಾನೂನಿನಲ್ಲಿ ದಿನಕ್ಕೆ 8 ಗಂಟೆ ಕೆಲಸ ಅಂತ ಸುಮ್ಮನೆ ಬರೆದಿಲ್ಲ. ರಾತ್ರಿ ಹೋಗಿ ರಾತ್ರಿ ಬರುವ ಟ್ರಿಪ್‌ಗೆ ಇಬ್ಬರು ಡ್ರೈವರ್ ಬೇಕೇ ಬೇಕು. ಇಬ್ಬರ ಬಾಟಾ ನಾವೇ ಕೊಡುತ್ತೇವೆ ಅಂದರೂ ಒಪ್ಪಲಿಲ್ಲ. ಟಿಕೆಟ್ ಒಂದು ಕಡೆ ಇರಲಿ, ಈ ಕಾರಣಕ್ಕೇ ಟ್ರಿಪ್ ಬಿಟ್ಟದ್ದು ಒಳ್ಳೆಯದಾಯಿತು.

ಅವನ ಇನ್ನೂ ಎರಡು ಸುಳ್ಳುಗಳನ್ನು ತಿಳಿಸಿಯೇ ಮುಂದೆ ಹೋಗುತ್ತೇನೆ. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣಗಾಯಿ ಕಟ್ಟಿಸಿಕೊಂಡು "ಒಳಗ ಕೂತು ಉಣ್ಣಬಹುದ್ರಿ" ಅಂದಿದ್ದ. ಹೊರಗಿನ ಊಟ ಪಾರ್ಕಿನ ಒಳಗೆ ಬಿಡುವುದಿಲ್ಲ. ಇನ್ನೊಂದು "ಫ್ರೆಶ್‌ಅಪ್". ಬೆಳಿಗ್ಗೆ ಆರಕ್ಕೆ ಮುಟ್ಟಿದರೆ ಪಾರ್ಕ್ ತೆರೆಯುವ ತನಕ ತಾಸುಗಟ್ಟಲೆ ಕಾಯಬೇಕು. ಎಷ್ಟು ರೂಮ್ ಅಂದರೆ ಎರಡು. 42 ಮಂದಿ, ಎರಡು ಬಚ್ಚಲು, ತಲೆಗೆ ಹತ್ತು ನಿಮಿಷ ಹಿಡಿದರೂ ಮೂರೂವರೆ ತಾಸು. "ಫ್ರೆಶ್‌ಅಪ್ ಐತಿ" ಅಂದ ಕೂಡಲೇ ಎಷ್ಟು ಬಚ್ಚಲು ಅಂತ ಕೇಳಿ.

ಹಾಗಾದರೆ ಮೊದಲು ಮಾಡಬೇಕಾದದ್ದು ಏನು? ಟ್ರಾವೆಲ್ಸ್‌ನವರಿಗೆ ಫೋನ್ ಮಾಡುವುದಲ್ಲ. ಮೊದಲು ಒಂದು ಹಾಳೆ ತಗೊಂಡು ಹೆಸರು ಬರೆಯಿರಿ, ಎದುರಿಗೆ ವಯಸ್ಸು, ಎತ್ತರ, ಸೀಟು ಅಂತ ಮೂರು ಕಾಲಂ ಹಾಕಿ. ರೈಲಿನವರು ವಯಸ್ಸು ನೋಡುತ್ತಾರೆ, ಪಾರ್ಕಿನವರು ಎತ್ತರ ನೋಡುತ್ತಾರೆ, ಬಸ್ಸಿನವರು ಸೀಟು ಎಣಿಸುತ್ತಾರೆ. ಒಂದೇ ಹುಡುಗ ರೈಲಿನಲ್ಲಿ ಅರ್ಧ ಟಿಕೆಟ್, ಪಾರ್ಕಿನಲ್ಲಿ ಪೂರ್ತಿ ಟಿಕೆಟ್ ಆಗಬಹುದು. ಈ ಹಾಳೆ ನಿಮ್ಮ ಕೈಯಲ್ಲಿದ್ದರೆ ಯಾರೂ ನಿಮಗೆ ಲೆಕ್ಕ ಹೇಳಿಕೊಡುವುದು ಬೇಡ. ನೀರಿನ ಆಟಕ್ಕೆ ಕಾಟನ್ ಬಟ್ಟೆ ನಡೆಯುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು, ಅದನ್ನೂ ಅದೇ ಹಾಳೆಯ ಕೆಳಗೆ ಬರೆದು ಎಲ್ಲರಿಗೂ ಕಳಿಸಿ. ಇಲ್ಲದಿದ್ದರೆ ಅಲ್ಲೇ ಕೊಳ್ಳಬೇಕಾಗುತ್ತದೆ.

ಆಮೇಲೆ ತಾರೀಖು. ವಾರದ ದಿನದ ದರ ಬೇರೆ, ಶನಿವಾರ-ಭಾನುವಾರದ ದರ ಬೇರೆ. ಬೇಸಿಗೆ ರಜೆಯಲ್ಲಿ ಇದ್ದೇ ಇದ್ದೀರಿ, ಮಂಗಳವಾರವೋ ಬುಧವಾರವೋ ಹೋದರೆ ರೊಕ್ಕವೂ ಉಳಿಯುತ್ತದೆ, ಸಾಲಿನಲ್ಲಿ ನಿಲ್ಲುವುದೂ ತಪ್ಪುತ್ತದೆ.

ಮೂರನೆಯದು, ಪಾರ್ಕ್ ಟಿಕೆಟ್ ನೀವೇ ಮಾಡಿಸಿ. ದಯವಿಟ್ಟು ನೀವೇ ಮಾಡಿಸಿ. ವಂಡರ್‌ಲಾ 2005ರಿಂದ ಬಿಡದಿಯಲ್ಲಿದೆ, ಗುಂಪು ಬುಕಿಂಗ್‌ಗೆ ಅವರದ್ದೇ ವ್ಯವಸ್ಥೆ ಇದೆ, ಗುಂಪಿಗೆ ಏನು ರಿಯಾಯಿತಿ ಅನ್ನುವುದನ್ನು ಅವರ ಬಾಯಿಂದಲೇ ಕೇಳಿ. ಬುಕಿಂಗ್ ನಂಬರ್ ನಿಮ್ಮ ಗುಂಪಿನವರ ಮೊಬೈಲಿಗೆ, ಇಮೇಲಿಗೆ ಬರಬೇಕು. ಬೇರೆಯವರು ತೆಗೆದು ಕಳಿಸಿದ ಚಿತ್ರ ಟಿಕೆಟ್ ಅಲ್ಲ.

ಬಸ್ಸಿಗೆ ಮಾತ್ರ ಟ್ರಾವೆಲ್ಸ್. ವಾಯವ್ಯ ಸಾರಿಗೆಯ ಬಸ್ಸೂ ಕಾಂಟ್ರ್ಯಾಕ್ಟ್ ಮೇಲೆ ಸಿಗುತ್ತದೆ, ಅಲ್ಲಿ ರಸೀದಿ ಪಕ್ಕಾ. ಖಾಸಗಿ ಬಸ್ಸಾದರೆ ಗಾಡಿ ನಂಬರ್ ಮೊದಲು, ಅಡ್ವಾನ್ಸ್ ಆಮೇಲೆ. ಹಳದಿ ಬೋರ್ಡ್ ಇಲ್ಲದ ಗಾಡಿ ಬೇಡವೇ ಬೇಡ. ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಒಳಗೋ ಹೊರಗೋ ಅನ್ನುವುದನ್ನು ಬರೆಸಿಕೊಳ್ಳಿ. ರೈಲಿಗೆ ಹೋಗುವವರು 60 ದಿನ ಮೊದಲೇ ಬುಕ್ ಮಾಡಲು ಕೂರಬೇಕು, ಒಂದು ಟಿಕೆಟ್‌ನಲ್ಲಿ ಆರೇ ಹೆಸರು ಹಿಡಿಸುತ್ತವೆ. ನಮ್ಮಂಥ 42ರ ಗುಂಪಿಗೆ ಏಳು ಟಿಕೆಟ್. ಬೇಸರದ ಕೆಲಸ, ಆದರೆ ಬರ್ತ್ ನಂಬರ್ ಕೈಯಲ್ಲಿರುತ್ತದೆ. ರಾಣಿ ಚೆನ್ನಮ್ಮ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅಲ್ಲಿಂದ ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದ ತನಕ ಇದೆ, ಮುಂದೆ ಬಿಡದಿ ಕಡೆಗೆ ಬಸ್ಸು.

ನಮ್ಮ ರೊಕ್ಕದ ವಿಷಯ. ಗುರುವಾರ ರದ್ದು ಮಾಡಿದೆವು. ಅವನ ಅಂಗಡಿಗೆ ಮೂರು ಸಲ ಹೋದೆವು. ಮೊದಲ ಸಲ "ಪಾರ್ಕಿನವ್ರು ವಾಪಸ್ ಕೊಟ್ಟ ಮ್ಯಾಲೆ ಕೊಡ್ತೀನ್ರಿ" ಅಂದ. ಕಟ್ಟದೇ ಇರುವ ರೊಕ್ಕವನ್ನು ಅವರು ಹೇಗೆ ವಾಪಸ್ ಕೊಡುತ್ತಾರೆ? ಎರಡನೇ ಸಲ ಬಾಗಿಲು ಹಾಕಿತ್ತು. ಮೂರನೇ ಸಲ ಎಂಟು ಜನ ಒಟ್ಟಿಗೆ ಹೋದಾಗ 20,000 ಹಾಕಿ, "ಉಳದಿದ್ದು ಕ್ಯಾನ್ಸಲೇಶನ್ ಚಾರ್ಜ್. ರೂಲ್ಸ್ ಹಂಗ ಅದಾವ್ರಿ" ಅಂದ. ಯಾವ ರೂಲ್ಸು, ಎಲ್ಲಿ ಬರೆದಿದೆ ಅಂದರೆ ಉತ್ತರವಿಲ್ಲ.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ದಾಖಲಿಸಿದ್ದೇವೆ. ಅದಕ್ಕೂ ಅವನು ಬಗ್ಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಆ 10:47ರ ಚಿತ್ರ, ಯುಪಿಐ ರಸೀದಿ, "ಬಾಕಿ ಹಾಕ್ರಿ, ಐದ ನಿಮಿಷದಾಗ ಬರತಾವು" ಅನ್ನುವ ಮೆಸೇಜ್, ಮೂರನ್ನೂ ಪ್ರಿಂಟ್ ತೆಗೆಸಿ ಇಟ್ಟಿದ್ದೇವೆ. ಅವನು ಮೆಸೇಜ್ ಅಳಿಸುವ ಮೊದಲೇ ತೆಗೆದಿದ್ದು ಪುಣ್ಯ. ಬುಧವಾರ ಕಳಿಸಿದ್ದರಲ್ಲಿ ಎರಡನ್ನು ಆಗಲೇ ಅಳಿಸಿದ್ದಾನೆ. ಇಂಥದೇ ಅರ್ಧ ಕತ್ತರಿಸಿದ ಚಿತ್ರ ನಿಮ್ಮ ಗುಂಪಿಗೂ ಬಂದಿದ್ದರೆ ಈಗಲೇ ತೆಗೆದು ಕೆಳಗಿನ ಅಂಚು ನೋಡಿ.