‘ಫುಲ್ ಕಾಂಬೋ’ ಕ್ರಾಸ್‌ಬೋ ತರಿಸುವವರು ಸ್ವಲ್ಪ ನೋಡಿ

ಕ್ರಾಸ್‌ಬೋ ಅಂದರೆ ಬಂದೂಕಿನ ಹಾಗೆ ಟ್ರಿಗರ್ ಒತ್ತಿ ಹೊಡೆಯುವ ಅಡ್ಡಬಿಲ್ಲು. ಬಿಲ್ಲು, ಗುರಿ ನೋಡುವ ಸ್ಕೋಪ್, ಬೋಲ್ಟ್ (ಅದರ ಗಿಡ್ಡ ಬಾಣ) ಎಲ್ಲಾ ಒಂದೇ ಡಬ್ಬಿಯಲ್ಲಿ ಹಾಕಿ ‘ಫುಲ್ ಕಾಂಬೋ’ ಅಂತ ಆನ್‌ಲೈನಿನಲ್ಲಿ ಕ್ರಾಸ್‌ಬೋ ಮಾರುತ್ತಿದ್ದಾರೆ. ದಯವಿಟ್ಟು ಬಂದದ್ದನ್ನು ಹಾಗೇ ಜೋಡಿಸಿ ಹೊಡೆಯಬೇಡಿ. ಮದ್ದೂರಿನ ಹತ್ತಿರ ನನ್ನ ಭಾವಮೈದನ ಕಣ್ಣು ಉಳಿದದ್ದೇ ದೊಡ್ಡದು.

ಅವನು ತರಿಸಿದ್ದು 175 ಪೌಂಡ್ ಸೆಳೆತದ ಹಂಟಿಂಗ್ ಕ್ರಾಸ್‌ಬೋ, ಸುಮ್ನೆ ಗುರಿ ಅಭ್ಯಾಸಕ್ಕೆ. ತೆಂಗಿನ ತೋಟದ ಕೊನೆಯಲ್ಲಿ ಎತ್ತರದ ಮಣ್ಣಿನ ಬದು, ಅದರ ಮುಂದೆ ಫೋಮ್ ಟಾರ್ಗೆಟ್. ಹಗ್ಗ ಹಾಕಿ ಹೆದೆ ಎಳೆದು ಕೂರಿಸಿದ. ಬೋಲ್ಟ್ ಇಟ್ಟು ಟ್ರಿಗರ್ ಒತ್ತಿದ. ಪಟಾರ್ ಅಂತ ಸದ್ದು. ಬೋಲ್ಟ್ ಮಗುಚಿಕೊಂಡು ಅವನ ಕಾಲ ಬಳಿಯೇ ಬಿತ್ತು. ಬಿಲ್ಲಿನ ಎಡಗಡೆಯ ಪಟ್ಟಿ, ಅಂದರೆ ಲಿಂಬ್, ಉದ್ದಕ್ಕೆ ಸೀಳಿಹೋಗಿತ್ತು. ಅದರದೊಂದು ಸಿಬಿರು ಹುಬ್ಬಿನ ಮೇಲೆ ಗೀರಿ ರಕ್ತ ಬರುತ್ತಿತ್ತು. “ಭಾವ, ತಾಗ್ತಾ ಟಾರ್ಗೆಟ್‌ಗೆ?” ಅಂತ ಕೇಳ್ತಾನೆ ಪುಣ್ಯಾತ್ಮ!

ಕಾರಣ ನಾಕ್, ಅಂದರೆ ಬೋಲ್ಟಿನ ಹಿಂತುದಿಯಲ್ಲಿ ಹೆದೆಗೆ ತಾಗಿ ಕೂರುವ ಭಾಗ. ಆ ಬಿಲ್ಲಿಗೆ ಬೇಕಾದದ್ದು ಅರ್ಧಚಂದ್ರದ ಹಾಗೆ ಗುಳಿ ಇರುವ ನಾಕ್. ಮಾರಿದವರು ಕಳಿಸಿದ್ದು ಚಪ್ಪಟೆ ನಾಕ್. ಗುಳಿ ಇಲ್ಲದ್ದರಿಂದ ಹೆದೆ ಜಾರಿ ಬೋಲ್ಟಿನ ಮೇಲೆ ಹತ್ತಿತು. ಆಗ ಬೋಲ್ಟ್ ಇದ್ದೂ ಖಾಲಿ ಹೊಡೆದಂತೆಯೇ. ಬೋಲ್ಟಿಗೆ ಹೋಗಬೇಕಾದ ಶಕ್ತಿಯೆಲ್ಲ ತಿರುಗಿ ಲಿಂಬಿಗೆ, ಹೆದೆಗೆ ಬಡಿಯುತ್ತದೆ. ಇದನ್ನೇ ಡ್ರೈ ಫೈರ್ ಅನ್ನೋದು. ಡ್ರೈ ಫೈರ್ ತಡೆಯುವ ಲಾಕ್ ಇದೆಯಲ್ಲ ಅಂತ ಧೈರ್ಯ ಬೇಡ. ಬೋಲ್ಟ್ ಇಟ್ಟ ಕೂಡಲೇ ಅದು ಬಿಟ್ಟುಕೊಳ್ಳುತ್ತದೆ. ಸರಿಯಾದ ನಾಕ್ ಇದ್ದರೂ ಅದರ ಗುಳಿ ಹೆದೆಗೆ ನೇರವಾಗಿ ಕೂರಬೇಕು. ಬೋಲ್ಟಿನ ಹಿಂದಿನ ಗರಿಗಳಲ್ಲಿ ಬೇರೆ ಬಣ್ಣದ್ದು ರೈಲಿನ, ಅಂದರೆ ಬೋಲ್ಟ್ ಕೂರುವ ಉದ್ದ ಪಟ್ಟಿಯ, ಕಾಲುವೆಯೊಳಗೆ ಇಳಿದರೆ ಸಾಮಾನ್ಯವಾಗಿ ಗುಳಿಯೂ ಸರಿ ಕೂರುತ್ತದೆ.

ಇಷ್ಟಕ್ಕೇ ಮುಗೀಲಿಲ್ಲ. ಡಬ್ಬಿಯಲ್ಲಿ ಮ್ಯಾನುಯಲ್ ಇರಲಿಲ್ಲ. ಆಮೇಲೆ ಕಂಪನಿಯದನ್ನು ಹುಡುಕಿ ಓದಿದರೆ ಬೋಲ್ಟ್ ಕನಿಷ್ಠ 400 ಗ್ರೇನ್ ತೂಗಬೇಕು ಅಂತಿದೆ. ಸುಮಾರು 26 ಗ್ರಾಂ, ಮುಂದಿನ ಮೊನೆಯೂ ಸೇರಿ. ಮಂಡ್ಯದಲ್ಲಿ ಪರಿಚಯದ ಚಿನ್ನದಂಗಡಿಯ ತಕ್ಕಡಿಗೆ ಹಾಕಿಸಿದೆವು: 22 ಗ್ರಾಂ. ಬಳೆ ತೂಕ ಹಾಕಿಸಲು ಬಂದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಹಗುರ ಬೋಲ್ಟ್ ವೇಗವಾಗಿ ಹೋಗುತ್ತದೆ ಅಂತ ಮಾರುವವರು ಹೊಗಳುತ್ತಾರೆ. ವೇಗ ನಿಜ, ಆದರೆ ಬಿಲ್ಲಿನ ಮೇಲೆ ಹೊಡೆತವೂ ಜಾಸ್ತಿ.

ಸ್ಕೋಪ್ ಕೂಡ ಬಂದೂಕಿನದ್ದು, ನಡುವೆ ಗುರಿಗೆ ಒಂದೇ ಕೂಡುಗೆರೆ (+ ಗುರುತು). ಕ್ರಾಸ್‌ಬೋ ಬೋಲ್ಟ್ ದೂರ ಹೋದಂತೆ ಬೇಗ ಕೆಳಗಿಳಿಯುತ್ತದೆ. ಅದಕ್ಕೇ ಕ್ರಾಸ್‌ಬೋ ಸ್ಕೋಪಿನಲ್ಲಿ 20, 30, 40 ಗಜಕ್ಕೆ ಒಂದರ ಕೆಳಗೊಂದು ಗೆರೆ ಇರುತ್ತವೆ. ಕೆಲವುದರಲ್ಲಿ ಬೋಲ್ಟಿನ ವೇಗಕ್ಕೆ ಹೊಂದಿಸುವ ಉಂಗುರವೂ ಇರುತ್ತದೆ. ‘ಯೂನಿವರ್ಸಲ್ ಸ್ಕೋಪ್’ ಅಂದರೆ ನಂಬಬೇಡಿ.

ಮಾರಿದವರಿಗೆ ಫೋಟೋ ಕಳಿಸಿದರೆ, “ಡ್ರೈ ಫೈರ್‌ಗೆ ವಾರಂಟಿ ಇಲ್ಲ ಸಾರ್” ಅಂತ ಒಂದೇ ಉತ್ತರ. ಡ್ರೈ ಫೈರ್ ಆಗಿದ್ದು ಯಾರ ಬೋಲ್ಟಿನಿಂದ ಅಂದರೆ ಮಾತಿಲ್ಲ. ಅವರ ಜಾಹೀರಾತಿನಲ್ಲಿ ‘ಕಾಡುಹಂದಿಗೆ ಬೆಸ್ಟ್’ ಅಂತ ಬೇರೆ! ಕಬ್ಬಿನ ಗದ್ದೆಯವರು ಇದಕ್ಕೆ ಮರುಳಾಗಬೇಡಿ. ಬೆಳೆ ಹಾಳಾಗುತ್ತಿದ್ದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಆ ಕಾಯ್ದೆಯ ಪ್ರಕಾರ ಬಿಲ್ಲು ಬಾಣವೂ ಆಯುಧವೇ. ಹಾಗಾಗಿ ಮೇಲುಕೋಟೆ, ನಾಗರಹೊಳೆಯಂಥ ರಕ್ಷಿತ ಕಾಡೊಳಗೆ ಅನುಮತಿ ಇಲ್ಲದೆ ಜೊತೆಗೆ ಒಯ್ಯುವುದೂ ತಪ್ಪು.

ಈಗಾಗಲೇ ತರಿಸಿದ್ದರೆ ಹೆದೆ ಎಳೆಯುವ ಮುಂಚೆ ನಿಮ್ಮ ಮಾಡೆಲ್‌ನ ಮ್ಯಾನುಯಲ್ ತೆಗೆದು ನಾಕ್, ಉದ್ದ, ತೂಕ ಮೂರನ್ನೂ ತಾಳೆ ನೋಡಿ. ಹೆದೆ ಎಳೆದು ಆಗಿದ್ದರೆ ಖಾಲಿ ಬಿಡಬೇಡಿ. ಆ ಬಿಲ್ಲಿಗೆ ಹೊಂದುವ ಬೋಲ್ಟ್ ಇಟ್ಟು ಟಾರ್ಗೆಟ್‌ಗೆ ಹೊಡೆದೇ ಇಳಿಸಿ. ಹೊಡೆಯುವಾಗ ಮುಂದೆ ಹಿಡಿದ ಕೈಯ ಹೆಬ್ಬೆರಳು ಹೆದೆಗೆ ಸಿಗದ ಹಾಗೆ ರೈಲಿಗಿಂತ ಕೆಳಗೇ ಇರಲಿ.