ಪಿಎಂ ಇಂಟರ್ನ್‌ಶಿಪ್ ಪೋರ್ಟಲ್: ಬಿಬಿಎ, ಬಿ.ಕಾಂ ಓದುವವರ ಲೆಕ್ಕದಲ್ಲಿ

ದೊಡ್ಡ ಕಂಪನಿಗಳಲ್ಲಿ ಇಂಟರ್ನ್ ಆಗಿ ಕೆಲಸ ಕಲಿಯಲು ಕೇಂದ್ರ ಸರ್ಕಾರ ಮಾಡಿದ ಯೋಜನೆ ಇದು, ಅರ್ಜಿ ಈ ಪೋರ್ಟಲ್ಲಿನಲ್ಲಿ. ಆದರೆ ಪೈಲಟ್ ಹಂತದಲ್ಲಿ ರೆಗ್ಯುಲರ್ ಕಾಲೇಜಿನಲ್ಲಿ ಬಿಬಿಎ ಓದುತ್ತಿರುವವರು ಇದಕ್ಕೆ ಅರ್ಜಿ ಹಾಕುವಂತಿರಲಿಲ್ಲ. ಇದನ್ನು ಗಮನಿಸದೆ ಫಾರಂ ತುಂಬಲು ಕೂತವರ ಸಮಯವೆಲ್ಲ ದಂಡ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪೈಲಟ್ ಹಂತದ ನಿಯಮ ಹೀಗಿತ್ತು: ವಯಸ್ಸು 21ರಿಂದ 24, ಪೂರ್ಣಾವಧಿ ಓದೂ ಇರಬಾರದು, ಪೂರ್ಣಾವಧಿ ಕೆಲಸವೂ ಇರಬಾರದು. ಮನೆಯಲ್ಲಿ ಯಾರದ್ದಾದರೂ ವರ್ಷದ ಆದಾಯ 8 ಲಕ್ಷ ದಾಟಿದ್ದರೆ, ಕಾಯಂ ಸರ್ಕಾರಿ ನೌಕರಿ ಇದ್ದರೆ ಆಗುತ್ತಿರಲಿಲ್ಲ. ಡಿಗ್ರಿ ಮುಗಿಸಿ ಕೂತವರಿಗೆ ಸರಿ. ಆದರೆ ನಿಜವಾಗಿ ಹೇಳಿಮಾಡಿಸಿದಂತಿರುವುದು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ದೂರಶಿಕ್ಷಣದಲ್ಲಿ ಬಿ.ಕಾಂ, ಬಿಬಿಎ ಮಾಡುತ್ತಿರುವವರಿಗೆ. ಹಗಲು ಆಫೀಸು, ರಾತ್ರಿ ಅದೇ ವಿಷಯದ ಪಾಠ.

ಪೈಲಟ್ ಹಂತದಲ್ಲಿ ದುಡ್ಡು ತಿಂಗಳಿಗೆ 5000 ರೂಪಾಯಿ. ಸರ್ಕಾರದ್ದು 4500, ಕಂಪನಿಯದ್ದು 500. ಸೇರಿದಾಗ ಒಮ್ಮೆ 6000. ಇಂಟರ್ನ್‌ಶಿಪ್ ಒಟ್ಟು ಹನ್ನೆರಡು ತಿಂಗಳ ಬಾಬ್ತು. ಸರ್ಕಾರದ ಪಾಲು ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಬರುತ್ತದೆ. ಎರಡು ಬ್ಯಾಂಕ್ ಖಾತೆ ಇದ್ದವರು ಇಲ್ಲೇ ಎಡವುವುದು: ಕೊನೆಯದಾಗಿ ಆಧಾರ್ ಸೀಡ್ (ಜೋಡಣೆ) ಮಾಡಿಸಿದ ಖಾತೆಗೆ ಹಣ ಹೋಗಿ ಕೂತಿರುತ್ತದೆ, ಇವರು ಇನ್ನೊಂದು ಪಾಸ್‌ಬುಕ್ ನೋಡಿ ಬಂದಿಲ್ಲ ಎನ್ನುತ್ತಾರೆ. ಬೆಂಗಳೂರಿನಲ್ಲಿ ಪಿ.ಜಿ. ಹಿಡಿದರೆ ಈ ಮೊತ್ತ ಬಾಡಿಗೆಗೇ ಸಾಲದು. ಆದ್ದರಿಂದ ಮನೆಯಿಂದ ಓಡಾಡುವ ದೂರದ ಜಾಗವನ್ನೇ ಆರಿಸಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿಯುವುದರಿಂದ ಆಯ್ಕೆಯ ವ್ಯಾಪ್ತಿ ಸ್ವಲ್ಪ ದೊಡ್ಡದು. ಮೊದಲ ಸುತ್ತಿನಲ್ಲಿ 82 ಸಾವಿರಕ್ಕೂ ಹೆಚ್ಚು ಆಫರ್ ಹೋದರೂ ಸೇರಿದವರು ಸುಮಾರು 8,700 ಮಾತ್ರ. ದೂರದ ಊರು, ಒಂದು ವರ್ಷದ ಅವಧಿ ಎರಡೂ ಅದಕ್ಕೆ ಕಾರಣ.

ಕಲಿಕೆ ಎಷ್ಟಾಗುತ್ತದೆ ಎನ್ನುವುದು ಕಂಪನಿಯ ಹೆಸರಿಗಿಂತ ಕೂರುವ ಟೇಬಲ್ಲಿನ ಮೇಲೆ ನಿಂತಿದೆ. ಕನಿಷ್ಠ ಅರ್ಧ ಅವಧಿ ನಿಜವಾದ ಕೆಲಸದ ಜಾಗದಲ್ಲೇ ಇರಬೇಕು ಎಂಬ ನಿಯಮವಿದೆ. ಆದರೆ ಜೆರಾಕ್ಸ್ ಮಾಡಿಸುವುದೂ ಕೆಲಸದ ಜಾಗವೇ! ಅಕೌಂಟ್ಸ್ ವಿಭಾಗ ಸಿಕ್ಕರೆ ಬಿಡಬೇಡಿ. ಉದಾಹರಣೆಗೆ ಜಿಎಸ್‌ಟಿ ತಾಳೆ. ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತರಗತಿಯಲ್ಲಿ ಐದು ಅಂಕದ ಉತ್ತರ. ಆಫೀಸಿನಲ್ಲಿ ಪ್ರತಿ ತಿಂಗಳು 14ಕ್ಕೆ ಬರುವ ಜಿಎಸ್‌ಟಿಆರ್-2ಬಿಯನ್ನು (ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿ) ಖರೀದಿ ರಿಜಿಸ್ಟರ್ ಪಕ್ಕದಲ್ಲಿಟ್ಟು ಬಿಲ್ಲಿಗೆ ಬಿಲ್ಲು ಹೊಂದಿಸಬೇಕು. ಎಕ್ಸೆಲ್‌ನಲ್ಲಿ ಎರಡು ಪಟ್ಟಿ ಹೊಂದಿಸುವ ವಿಲುಕಪ್ ಸೂತ್ರ ಹಾಕಿದರೆ ಅರ್ಧ ಸಾಲು ಹೊಂದುವುದೇ ಇಲ್ಲ: ಒಂದು ಕಡೆ ಬಿಲ್ ನಂಬರ್ 0047, ಇನ್ನೊಂದು ಕಡೆ ಮುಂದಿನ ಸೊನ್ನೆಗಳು ಹಾರಿ ಬರೀ 47. ಅದನ್ನು ಸರಿಮಾಡಿದ ಮೇಲೂ ಉಳಿದ ಬಿಲ್ಲುಗಳಲ್ಲಿ ಕೆಲವು ಗಡುವಾದ 11ರ ನಂತರ ರಿಟರ್ನ್ ಹಾಕಿದ ಸಪ್ಲೈಯರ್‌ಗಳದ್ದು, ಕೆಲವು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಣ್ಣ ವ್ಯಾಪಾರಿಗಳದ್ದು. ಯಾರಿಗೆ ಫೋನ್ ಮಾಡಬೇಕು, ಯಾರದ್ದಕ್ಕೆ ಸುಮ್ಮನೆ ಕಾಯಬೇಕು ಎಂಬ ವಿವೇಚನೆ ಪಠ್ಯಪುಸ್ತಕದಿಂದ ಬರುವುದಲ್ಲ.

ಸೇಲ್ಸ್‌ನಲ್ಲಿ ಕಲಿಕೆ ಬೇಗ, ದಣಿವೂ ಹೆಚ್ಚು. ಅಂಗಡಿ ಸುತ್ತುವ ಮೊದಲು ಡಿಸ್ಟ್ರಿಬ್ಯೂಟರ್‌ನ ಕ್ಲೇಮ್ ಹಾಳೆ (ಕೊಟ್ಟ ರಿಯಾಯಿತಿಯನ್ನು ಕಂಪನಿಯಿಂದ ವಾಪಸ್ ಕೇಳುವ ಲೆಕ್ಕ) ಓದಲು ಕಲಿಯಿರಿ. ಸ್ಕೀಮ್ ಹೆಸರಲ್ಲಿ ಕೊಟ್ಟ ರಿಯಾಯಿತಿ ಎಲ್ಲಿ ಸೋರುತ್ತದೆ ಎಂದು ಅಲ್ಲೇ ಕಾಣುತ್ತದೆ. ಬ್ಯಾಕ್ ಆಫೀಸ್, ಡೇಟಾ ಎಂಟ್ರಿ ಎಂದಷ್ಟೇ ಬರೆದ ಹುದ್ದೆಗಳನ್ನು ದೂರವಿಡಿ.

ಪೋರ್ಟಲ್ಲಿಗೆ ಐದಕ್ಕೆ ಮೂರು ಅಂಕ. ಕಳೆದ ಎರಡರಲ್ಲಿ ಒಂದು ಭತ್ಯೆಗೆ, ಇನ್ನೊಂದು ಹುದ್ದೆಯ ಅಸ್ಪಷ್ಟ ವಿವರಣೆಗೆ. ವರ್ಷ ಮುಗಿದ ಮೇಲೆ ಕೆಲಸದ ಭರವಸೆ ಇಲ್ಲ, ಪ್ರಮಾಣಪತ್ರ ಮಾತ್ರ. ಇಲ್ಲಿನ ಕೆಲಸವನ್ನೇ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಳ್ಳುವ ದೂರಶಿಕ್ಷಣದವರು ಮೊದಲ ವಾರದಲ್ಲೇ ಮ್ಯಾನೇಜರ್ ಬಳಿ ಲಿಖಿತ ಅನುಮತಿ ಪಡೆಯಿರಿ. ಸಪ್ಲೈಯರ್ ಹೆಸರು, ಜಿಎಸ್‌ಟಿ ನಂಬರ್ ತೆಗೆದು 'ಎ', 'ಬಿ' ಎಂದು ಬರೆಯಿರಿ. ಹನ್ನೊಂದನೇ ತಿಂಗಳಲ್ಲಿ ಹೋಗಿ ಕೇಳಿದರೆ ಯಾರೂ ಸಹಿ ಹಾಕುವುದಿಲ್ಲ.