ಮಿತ್ರ ಜ್ಯೋತಿ: ದನಿಯನ್ನೂ ಬರಹವನ್ನೂ ದಾನ ಮಾಡಬಹುದಾದ ಜಾಗ

ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಮಿತ್ರ ಜ್ಯೋತಿ 1990ರಿಂದ ಅಂಧರಿಗಾಗಿ ದುಡಿಯುತ್ತಿದೆ. ಕಟ್ಟಿದ ಮಧು ಸಿಂಘಾಲ್ ಅವರಿಗೇ ದೃಷ್ಟಿಯಿಲ್ಲ. ನೆರವು ಪಡೆಯುವವರೇ ನೆರವು ನಡೆಸುವವರೂ ಆಗಿರುವುದು ಈ ಸಂಸ್ಥೆಯ ದೊಡ್ಡ ಬಲ.

ಸ್ವಯಂಸೇವಕರಿಗೆ ಇಲ್ಲಿ ಒಪ್ಪುವ ಕೆಲಸ ಮಾತಾಡುವ ಪುಸ್ತಕಗಳ ಓದು, ಅಂದರೆ ಅಂಧರು ಕೇಳಲೆಂದು ಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವುದು. ಗಾಲಿಕುರ್ಚಿಯಲ್ಲಿರುವವರು, ನಿವೃತ್ತರು, ಯಾರು ಬೇಕಾದರೂ ಓದಬಹುದು. ಬೇಕಾದದ್ದು ಸ್ಪಷ್ಟ ಉಚ್ಚಾರ ಮತ್ತು ತಾಳ್ಮೆ. ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಫ್ಯಾನ್ ಆರಿಸಿ, ಮೈಕನ್ನು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇಡಿ. ನೇರ ಇಟ್ಟರೆ 'ಪ', 'ಫ' ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಹೆಚ್ಚಿನವರು ಎಡವುವುದು ಕೋಷ್ಟಕಗಳಲ್ಲಿ. ಅಂಕಿಗಳನ್ನು ಸಾಲಾಗಿ ಓದಿಬಿಟ್ಟರೆ ಕೇಳುಗರಿಗೆ ಏನೂ ದಕ್ಕದು. ಪ್ರತಿ ಅಂಕಿಯ ಜೊತೆ ಅದರ ಶೀರ್ಷಿಕೆಯನ್ನೂ ಹೇಳಬೇಕು. ಚಿತ್ರವಿದ್ದರೆ ಎರಡು ವಾಕ್ಯದಲ್ಲಿ ವಿವರಿಸಿ.

ಅಂಧ ವಿದ್ಯಾರ್ಥಿಗಳು ಹೇಳುವ ಉತ್ತರವನ್ನು ಪರೀಕ್ಷೆಯಲ್ಲಿ ಬರೆದುಕೊಡುವ ಕೆಲಸ ಇನ್ನೂ ಹೊಣೆಯದು. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿದೆ. ಅಂದರೆ 3 ಗಂಟೆಯ ಪರೀಕ್ಷೆಗೆ 4 ಗಂಟೆ ಕೂರಲು ಸಿದ್ಧರಿರಬೇಕು. ಕನ್ನಡ ಮಾತಾಡಬಲ್ಲೆ ಎಂದಷ್ಟೇ ಒಪ್ಪಿಕೊಳ್ಳಬೇಡಿ. 'ದ್ಯುತಿಸಂಶ್ಲೇಷಣೆ'ಯಂಥ ಪದವನ್ನು ತಡವರಿಸದೆ ಬರೆಯಬಲ್ಲಿರಾ, ಮೊದಲೇ ನೋಡಿಕೊಳ್ಳಿ. ವಿದ್ಯಾರ್ಥಿ ಹೇಳಿದ್ದನ್ನು ಹಾಗೆಯೇ ಬರೆಯಬೇಕು, ಉತ್ತರ ತಿದ್ದಬಾರದು. ಬರಲಾಗದಿದ್ದರೆ ಹಿಂದಿನ ರಾತ್ರಿಯಲ್ಲ, ಕೆಲವು ದಿನ ಮೊದಲೇ ತಿಳಿಸಿ. ಕೊನೆಯ ಗಳಿಗೆಯಲ್ಲಿ ಬದಲಿ ಸಿಗದಿದ್ದರೆ ಆ ಮಗುವಿನ ವರ್ಷವೇ ಹೋಗಬಹುದು.